ಬಾವಿ ದಾಟಿದ ಮೇಲಿನ ಚೀಲ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನು ದಿನಚರಿ ಬರೆಯುವವಳು. ಅದಕ್ಕೇ ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಆಣೆ ಮಾಡಿ ಹೇಳಿದ ಸಂಗತಿ ಹಳೆಯ ಪುಟ ತೆರೆದಾಗ ಬೇರೆಯೇ ಆಗಿರುತ್ತದೆ. ಒಂದು ವಿಷಯದಲ್ಲಿ ಮಾತ್ರ ನನಗೆ ಧೈರ್ಯವಿತ್ತು: ಶಾಲೆಗೆ ನಡೆದು ಹೋಗುತ್ತಿದ್ದ ಕಾಲದಲ್ಲಿ ನನಗೆ ಒಂದು ದಿನವೂ ಭುಜ ನೋಯಲಿಲ್ಲ.

ಈ ಧೈರ್ಯವನ್ನು ಎಂಟನೇ ತರಗತಿಯ ಮಗಳು ಚೈತ್ರಳ ಮೇಲೆ ಧಾರಾಳವಾಗಿ ಪ್ರಯೋಗಿಸಿದೆ. ಅವಳು ಕತ್ತು ಹಿಡಿದುಕೊಂಡು, "ಅಮ್ಮಾ, ಶೋಲ್ಡರ್ ಎಳೀತಿದೆ," ಎಂದಾಗಲೆಲ್ಲ, "ನಾವು ಮಂಚೇನಹಳ್ಳಿ ಸ್ಕೂಲಿಗೆ ಚೀಲ ಹೊತ್ಕೊಂಡು ನಡ್ದೇ ಹೋಗ್ತಿದ್ವಿ ಕಣೇ, ನಮಗೇನಾಗಿತ್ತು?" ಎನ್ನುತ್ತಿದ್ದೆ. ಆಸೆಪಟ್ಟು ಸೇರಿದ್ದ ಖೋಖೋ ತಂಡವನ್ನು ಬಿಡುತ್ತೇನೆ ಎಂದು ಅವಳು ಹೇಳಿದ ದಿನ ನನ್ನ ಇತಿಹಾಸಪ್ರಜ್ಞೆ ಸ್ವಲ್ಪ ಅಲುಗಿತು.

ಚಿಕ್ಕಬಳ್ಳಾಪುರದ ಡಾಕ್ಟರು ಅವಳ ಬೆನ್ನು, ಕತ್ತು ನೋಡಿ, ಬ್ಯಾಗು ಹಗುರ ಮಾಡಿ, ಎರಡೂ ಹೆಗಲಿಗೆ ಹಾಕಿಸಿ ಎಂದರು. ಹಗುರ ಮಾಡುವುದು ಹೇಗೆ? ಯಾವ ಟೀಚರು ಯಾವ ಪುಸ್ತಕ ಕೇಳಿಯಾರೋ ಎಂದು ಎಲ್ಲವನ್ನೂ ತುಂಬಿಸುತ್ತಿದ್ದವಳೇ ನಾನು. ಅಲ್ಲದೆ ನಮ್ಮ ಕಡೆ ಬ್ಯಾಗಿಗೆ ಇನ್ನೊಂದು ಉದ್ಯೋಗವಿದೆ. ಶಾಲೆಗೆ ಹೋಗುವ ಬಸ್ಸು ಬಂದ ತಕ್ಷಣ ಅದನ್ನು ಕಿಟಕಿಯಿಂದ ತೂರಿಸಿ ಸೀಟು ಹಿಡಿಯಬೇಕು. ಹಗುರ ಬ್ಯಾಗಾದರೆ ಯಾರಾದರೂ ಪಕ್ಕಕ್ಕಿಟ್ಟು ಕೂತುಬಿಡುತ್ತಾರೆ. ಚೈತ್ರಳದನ್ನು ಎತ್ತುವ ಸಾಹಸಕ್ಕೆ ಯಾರೂ ಹೋಗುತ್ತಿರಲಿಲ್ಲ. ಸೀಟು ಸಿಗದ ದಿನ, ಕೂತವರು "ಕೊಡಮ್ಮ ಇಲ್ಲಿ" ಎಂದು ತೊಡೆಯ ಮೇಲಿಟ್ಟುಕೊಳ್ಳುತ್ತಾರಂತೆ. ಹೆಸರು ಗೊತ್ತಿಲ್ಲದ ಆ ತೊಡೆಗಳಿಗೆಲ್ಲ ನನ್ನ ನಮಸ್ಕಾರ. ಅವು ಹೊತ್ತದ್ದು ಬಹುಪಾಲು ನನ್ನ ಭಯವನ್ನೇ.

ಹೋದ ಭಾನುವಾರ ಶಿಡ್ಲಘಟ್ಟದಲ್ಲಿರುವ ನನ್ನ ಅಕ್ಕನ ಮನೆಗೆ ಹೋದೆವು. ರೇಷ್ಮೆ ಸಾಕುವ ಮನೆ. ಹೋಮ್‌ವರ್ಕಿಗೆಂದು ತಂದಿದ್ದ ಬ್ಯಾಗನ್ನು ಅಕ್ಕ ಗೂಡು ತೂಗುವ ತಕ್ಕಡಿಯ ಕೊಕ್ಕೆಗೆ ನೇತುಹಾಕಿದಳು.

"ಅಯ್ಯೋ ತಲ್ಲೀ! ಇಷ್ಟು ತೂಗ್ಬೇಕಾದ್ರೆ ನಮ್ಮ ಹುಳ ಎಷ್ಟು ಸೊಪ್ಪು ತಿನ್ಬೇಕು ಗೊತ್ತಾ?"

"ಅಮ್ಮ ಚಿಕ್ಕೋಳಿದ್ದಾಗ ಇನ್ನೂ ಜಾಸ್ತಿ ಹೊರ್ತಿದ್ರಂತೆ ದೊಡ್ಡಮ್ಮ," ಎಂದಳು ಚೈತ್ರ.

"ನಿಮ್ಮಮ್ಮನಾ?" ಅಕ್ಕ ನಕ್ಕಳು. "ಊರ ಬಾವಿ ದಾಟೋವರೆಗೂ ಹೊರ್ತಿದ್ಲು. ನಮ್ಮಮ್ಮ ಬಾಗಿಲಲ್ಲಿ ನಿಂತು ನೋಡ್ತಿರ್ತಾಳಲ್ಲ! ಅಲ್ಲಿಂದ ಎರಡು ಚೀಲಾನೂ ನನ್ನ ಹೆಗಲಿಗೆ. ಇವಳು ಹುಣಸೆಕಾಯಿ ಆರಿಸ್ಕೊಂಡು ಮುಂದೆ ಮುಂದೆ."

ಹುಣಸೆಕಾಯಿ ನನಗೆ ಚೆನ್ನಾಗಿ ನೆನಪಿದೆ. ನೆನಪಿನಲ್ಲಿ ನನ್ನ ಎರಡೂ ಕೈ ಖಾಲಿ ಇರುವುದೂ ನಿಜ. ಯಾಕೆ ಖಾಲಿ ಎಂದು ಇಷ್ಟು ವರ್ಷ ಯೋಚಿಸಿರಲಿಲ್ಲ. ನನ್ನ ಗಟ್ಟಿತನ ಎಂದು ಮಗಳ ಮುಂದೆ ಕೊಚ್ಚಿಕೊಂಡು ಬಂದದ್ದು ಅಕ್ಕನ ಭುಜವನ್ನು.

ದೊಡ್ಡಮ್ಮ, ಮಗಳು ಸೇರಿ ಸೋಮವಾರಕ್ಕೆ ಬೇಕಾದ ಪುಸ್ತಕಗಳನ್ನಷ್ಟೇ ಬ್ಯಾಗಿನಲ್ಲಿ ಉಳಿಸಿದರು. ಮಿಕ್ಕವು ನನ್ನ ಕೈಚೀಲಕ್ಕೆ ಬಂದವು. ಖೋಖೋ ಬಿಡುವುದೋ ಬೇಡವೋ, ಇನ್ನೊಂದು ವಾರ ನೋಡೋಣ ಎಂದಳು ಚೈತ್ರ. ನನಗೆ ಅಷ್ಟೇ ಸಾಕಿತ್ತು.

ಹೊರಡುವಾಗ ಅಕ್ಕ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೊಂದನ್ನು ಎತ್ತಿ ಗೋಡೆಗೆ ತೂಗುಹಾಕುತ್ತಿದ್ದಳು. ಬಲಗೈ ಮೇಲೆ ಹೋಯಿತು; ಎಡಗೈ ಭುಜದ ಮಟ್ಟಕ್ಕೇ ನಿಂತಿತು.

"ಅಕ್ಕಾ, ಆಗ್ಲೂ ನೋಯ್ತಿತ್ತಾ?" ಎಂದು ಕೇಳಿದೆ.

"ಬಸ್ಸಿಗೆ ಹೊತ್ತಾಯ್ತು, ನಡೀರೇ," ಎಂದವಳೇ ನನ್ನ ಕೈಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟಳು.