ಎರಡು ಸಲ ಬಂದ ಗಂಟೆ

ದೆವ್ವ, ಗಾಳಿ, ಶಕುನ ಎಂಬ ಮಾತು ಬಂದರೆ ಎದ್ದು ಹೋಗುತ್ತಿದ್ದವನು ನಾನು. ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಕಂಪ್ಯೂಟರುಗಳ ಗಡಿಯಾರ ಸರಿಯಿಡುವ ಕೆಲಸ. ಅಂಥವನ ಕಣ್ಣಿಗೆ ತಾಳೆಯಾಗದ್ದು ಏನಾದರೂ ಬಿದ್ದರೆ ಅದು ತಪ್ಪು, ಪವಾಡವಲ್ಲ. ತಪ್ಪನ್ನು ಹುಡುಕಬೇಕು, ತಿದ್ದಬೇಕು. ಕೆಲವು ವರ್ಷಗಳ ಹಿಂದಿನ ಆ ಭಾನುವಾರದವರೆಗೂ ಹಾಗೆಯೇ ನಂಬಿದ್ದೆ. ನೀವು ಇದನ್ನು ನಂಬಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ.

ಕೆಲಸದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಚಿತ್ರದುರ್ಗದಲ್ಲಿ ಒಂದು ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಸಣ್ಣ ಆಫೀಸು. ದೂರದೇಶದ ಒಂದು ಆಸ್ಪತ್ರೆಯ ಕಂಪ್ಯೂಟರುಗಳನ್ನು ಇಲ್ಲಿಂದಲೇ ನೋಡಿಕೊಳ್ಳುತ್ತಿದ್ದೆವು. ಆ ದೇಶದಲ್ಲಿ ಚಳಿಗಾಲ ಹತ್ತಿರವಾದಾಗ ಒಂದು ರಾತ್ರಿ ಎರಡು ಹೊಡೆಯುತ್ತಲೇ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹೀಗಾಗಿ ಆ ರಾತ್ರಿ ಒಂದರಿಂದ ಎರಡರವರೆಗಿನ ಗಂಟೆ ಎರಡು ಸಲ ಬರುತ್ತದೆ. ಕಂಪ್ಯೂಟರುಗಳಿಗೆ ಇದರಿಂದ ತೊಂದರೆಯಿಲ್ಲ. ಅವು ಒಳಗೊಳಗೆ ಇಡೀ ಜಗತ್ತಿಗೆ ಒಂದೇ ಆದ, ಎಂದೂ ಹಿಂದಕ್ಕೆ ಹೋಗದ ವೇಳೆಯನ್ನು ಇಟ್ಟುಕೊಂಡಿರುತ್ತವೆ. ಆದರೆ ಆ ಆಸ್ಪತ್ರೆಯ ಹಳೆಯ ಯಂತ್ರಗಳು ಕೆಲವು ಗೋಡೆ ಗಡಿಯಾರವನ್ನೇ ನಂಬುತ್ತಿದ್ದವು. ಒಂದೂವರೆಗೆ ರೋಗಿಗೆ ಹೋಗಬೇಕಾದ ಔಷಧಿ ಎರಡನೆಯ ಒಂದೂವರೆಗೆ ಮತ್ತೆ ಹೋಗದಂತೆ ನಾವು ಕಾಯಬೇಕಿತ್ತು. ಅಲ್ಲಿ ನಡುರಾತ್ರಿಯಾದರೂ ಇಲ್ಲಿ ಅದು ತಿಂಡಿ ಮುಗಿದ ಹೊತ್ತು, ಒಳ್ಳೆಯ ಬಿಸಿಲು.

ಆ ವರ್ಷ ಕಾಯಲು ಇದ್ದವರು ನಾನು ಮತ್ತು ನಸೀರ್. ಕಾಲೇಜಿನಿಂದಲೂ ಜೊತೆಗಿದ್ದವರು. ನಾನು ಆಫೀಸಿನಲ್ಲಿ, ಅವನು ಹಿರಿಯೂರಿನ ಮನೆಯಲ್ಲಿ, ಹೆಂಡತಿ ಫರ್ಜಾನಾ ಜೊತೆ. ಇಬ್ಬರ ಕಿವಿಗೂ ಹೆಡ್‌ಫೋನು, ನಡುವೆ ಕಡಿಯದ ಒಂದು ಕರೆ. ಮೊದಲನೆಯ ಗಂಟೆ ಶುರುವಾದ ಸ್ವಲ್ಪ ಹೊತ್ತಿಗೆ ಅವನೆಂದ: "ಎದೆ ಉರಿತೈತೆ ಕಣೋ. ರಾತ್ರಿ ತಿಂದ ಮಿರ್ಚಿ ಕೆಲ್ಸ ಮಾಡ್ತೈತೆ." ಹಿಂದೆ ಫ್ಯಾನು ಕಿರಗುಟ್ಟುತ್ತಿತ್ತು, ಬೀದಿಯಲ್ಲಿ ಸೊಪ್ಪಿನವನು ಕೂಗುತ್ತಿದ್ದ. ಮಜ್ಜಿಗೆ ಕುಡಿ ಎಂದೆ. ನಕ್ಕ. "ಸ್ವಲ್ಪ ಅಡ್ಡಾಗ್ತೀನಿ, ಗಡಿಯಾರ ತಿರುಗಿದ ಮೇಲೆ ಎಬ್ಬಿಸು" ಎಂದು ತನ್ನ ಮೈಕು ಮುಚ್ಚಿದ.

ಹೊತ್ತಿಗೆ ಸರಿಯಾಗಿ ಅಲ್ಲಿಯ ಗಡಿಯಾರಗಳು ಹಿಂದಕ್ಕೆ ಹೋದವು. ಯಾವ ಯಂತ್ರವೂ ತಪ್ಪಲಿಲ್ಲ. ಅವನನ್ನು ಎಬ್ಬಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮೈಕು ತೆರೆದ ಸದ್ದಾಯಿತು. ಫ್ಯಾನಿನ ಅದೇ ಕಿರಗುಟ್ಟುವಿಕೆ. ಸೊಪ್ಪಿನವನ ಅದೇ ಕೂಗು. "ಎದೆ ಉರಿತೈತೆ ಕಣೋ. ರಾತ್ರಿ ತಿಂದ ಮಿರ್ಚಿ ಕೆಲ್ಸ ಮಾಡ್ತೈತೆ."

"ಆಗ್ಲೇ ಹೇಳಿದ್ಯಲ್ಲೋ ಅದನ್ನ" ಎಂದೆ.

"ಯಾವಾಗ ಹೇಳ್ದೆ? ಈಗ ತಾನೆ ಶುರುವಾಗೈತೆ."

ನನಗೆ ಯಾಕೋ ಕಸಿವಿಸಿಯಾಯಿತು. ಎಡಗೈಯೂ ನೋಯುತ್ತಿದೆಯೇ ಎಂದು ಕೇಳಿದೆ.

"ಹೂಂ, ಒಂಚೂರು."

"ಎದ್ದೇಳು. ಫರ್ಜಾನಾನ ಕರಿ. ಆಟೋ ಹಿಡಿದು ಆಸ್ಪತ್ರೆಗೆ ಹೋಗು."

"ಈ ಗಂಟೆ ಒಂದು ಮುಗೀಲಿ."

"ಬ್ಯಾಡ. ಈಗ್ಲೇ ಹೋಗು, ಇಲ್ಲಿದ್ದು ನಾನು ನೋಡ್ಕಂತೀನಿ."

"ಆತು ಬಿಡು. ಹೊರಟೆ" ಎಂದ. ಕುರ್ಚಿ ಎಳೆದ ಸದ್ದು ಕೇಳಿಸಿತು. ನನ್ನ ಜೀವಕ್ಕೆ ಎಷ್ಟು ಹಗುರವಾಯಿತೆಂದರೆ, ಕೆಳಗಿನಿಂದ ಒಂದು ಚಹ ತರಿಸಿಕೊಂಡು ಕುಡಿದೆ.

ಆಸ್ಪತ್ರೆ ತಲುಪಿದನೋ ಇಲ್ಲವೋ ಎಂದು ಫರ್ಜಾನಾಳ ಮೊಬೈಲಿಗೆ ಕರೆ ಮಾಡಿದೆ. ಎತ್ತಿದವರು ನಸೀರನ ಅಣ್ಣ. "ಹೋಗ್ಬಿಟ್ನಪ್ಪ ನಸೀರು" ಎಂದರು. ಮಲಗಿದ್ದವನಿಗೆ ಚಹ ಕೊಡಲು ಹೋದ ಫರ್ಜಾನಾ, ಮೈ ಬೆವೆತು ಮಾತಿಲ್ಲದೆ ಬಿದ್ದವನನ್ನು ನೋಡಿ ಅಕ್ಕಪಕ್ಕದವರನ್ನು ಕೂಗಿದಳಂತೆ. ಮನೆಗೆ ಬೀಗ ಹಾಕಿ ಎಲ್ಲರೂ ಆಸ್ಪತ್ರೆಗೆ ಓಡಿದರಂತೆ. ದಾರಿಯಲ್ಲೇ ಜೀವ ಹೋಗಿತ್ತು. ಎಷ್ಟು ಹೊತ್ತಾಯಿತು ಎಂದು ಕೇಳಿದೆ. ಅವರು ಹೇಳಿದ್ದನ್ನು ಲೆಕ್ಕ ಹಾಕಿದೆ, ಮತ್ತೆ ಹಾಕಿದೆ. ಲೆಕ್ಕ ಹಾಕುವುದೇ ನನ್ನ ಕಸುಬಲ್ಲವೇ. ಅಲ್ಲಿಯ ಗಡಿಯಾರ ತಿರುಗುವ ಮೊದಲೇ ನಸೀರ್ ಇರಲಿಲ್ಲ. ಅವನು ನನ್ನೊಂದಿಗೆ ಎರಡನೆಯ ಸಲ ಮಾತಾಡಿದಾಗ ಆ ಮನೆಗೆ ಬೀಗ ಬಿದ್ದಿತ್ತು.

ಸಿಕ್ಕ ಬಸ್ಸು ಹತ್ತಿ ಹಿರಿಯೂರಿಗೆ ಹೋದೆ. ಸಂಜೆಗೆ ಮುಂಚೆಯೇ ಮಣ್ಣು ಮಾಡಿದರು. ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಮನೆಗೆ ಬಂದು ಅವನ ಕೋಣೆಗೆ ಹೋದರೆ ಲ್ಯಾಪ್‌ಟಾಪು ಇನ್ನೂ ಆನ್ ಆಗಿಯೇ ಇತ್ತು, ನಮ್ಮ ಕರೆ ಇನ್ನೂ ಕಡಿದಿರಲಿಲ್ಲ. ಮೈಕು ಮುಚ್ಚಿಯೇ ಇತ್ತು.

ನೆಟ್‌ವರ್ಕಿನಲ್ಲಿ ದನಿ ಎಲ್ಲೋ ಸಿಕ್ಕಿಕೊಂಡು ತಡವಾಗಿ ಬಂದಿರಬಹುದೆಂದು ನನಗೆ ನಾನೇ ಹೇಳಿಕೊಂಡೆ. ಆದರೆ ಸಿಕ್ಕಿಕೊಂಡ ದನಿ ಹೊಸ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ನನ್ನ ತಲೆಯೇ ಆಟ ಆಡಿತು ಎನ್ನೋಣವೆಂದರೆ, ಆಗ ನಾನು ದುಃಖದಲ್ಲಿರಲಿಲ್ಲ. ಅವನು ಸತ್ತದ್ದೇ ನನಗೆ ಗೊತ್ತಿರಲಿಲ್ಲ. ಮುಂದಿನ ವರ್ಷ ಗಡಿಯಾರ ತಿರುಗಿಸುವ ದಿನ ಒಬ್ಬನೇ ಕೂತು, ಹೆಡ್‌ಫೋನು ಹಾಕಿಕೊಂಡು ಆ ಎರಡನೆಯ ಗಂಟೆಯನ್ನು ಪೂರ್ತಿ ಕಾದೆ. ಏನೂ ಬರಲಿಲ್ಲ. ಆ ಕೆಲಸ ಬಿಟ್ಟೆ. ಬಿಟ್ಟ ಮೇಲೂ ಹಗುರವಾಗಲಿಲ್ಲ.

ಅವನು ಹೋಗಿ ಕೆಲವು ವಾರಗಳ ಮೇಲೆ ಫರ್ಜಾನಾಳನ್ನು ನೋಡಲು ಹೋಗಿದ್ದೆ. ನೀರು ತಂದಿಟ್ಟು ಬಾಗಿಲ ಬಳಿ ನಿಂತಳು.

"ಅಣ್ಣಾ, ಅವ್ರು ಕಡೇ ಮಾತು ನಿಮ್ಮ ಹತ್ರಾನೇ ಆಡಿದ್ದು. ಏನಂದ್ರು?"

"ಸ್ವಲ್ಪ ಅಡ್ಡಾಗ್ತೀನಿ ಅಂದ, ತಾಯಿ."

"ಆಸ್ಪತ್ರೆಗೆ ಹೋಗು ಅಂತ ನೀವು ಒಂದ್ಮಾತು ಅಂದಿದ್ರೆ ಹೋಗ್ತಿದ್ರೇನೋ. ನಾನು ಹೇಳಿದ್ರೆ ಕೇಳ್ತಿರ್ಲಿಲ್ಲ, ನಿಮ್ಮ ಮಾತು ತೆಗೆದ್ಹಾಕ್ತಿರ್ಲಿಲ್ಲ" ಎಂದಳು. ದೂರುವ ದನಿಯಲ್ಲ ಅದು, ಸುಮ್ಮನೆ ಹೇಳಿದಳು.

ತಂದಿಟ್ಟ ನೀರು ಕುಡಿದು ಎದ್ದೆ. ಅವಳು ಹೇಳಿದ್ದು ನಿಜ. ನಾನು ಹೋಗು ಎಂದಿದ್ದೆ, ಅವನು ಮಾತು ಕೇಳಿ ಎದ್ದಿದ್ದ. ಎದ್ದು ಎಲ್ಲಿಗೆ ಹೊರಟನೋ, ಇವತ್ತಿಗೂ ನನಗೆ ತಿಳಿದಿಲ್ಲ.