ಮೊಲಕ್ಕೆ ಎರೆದ ಸೋಮವಾರ

ಓದುವ ಎಲ್ಲರಿಗೂ ಶರಣು. ನಾನು ದೊಡ್ಡವನಾದ ಮೇಲೆ ಸಾಲೆ ಕಲಿತವನು, ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಸಿಟ್ಟು ಮಾತ್ರ ತಪ್ಪಿ ಬಂದದ್ದಲ್ಲ.

ನವನಗರದ ನಮ್ಮ ಮನೆಯಲ್ಲಿ ಒಂದು ಬಿಳಿ ಮೊಲವಿದೆ. ವಯಸ್ಸಾಗಿದೆ, ಹಿಂಗಾಲುಗಳಿಗೆ ಸಂಧಿವಾತ. ಮೊಲ ಬೆಕ್ಕಿನ ಹಾಗೆ ತನ್ನ ಮೈ ತಾನೇ ನೆಕ್ಕಿ ಶುಚಿ ಮಾಡಿಕೊಳ್ಳುವ ಪ್ರಾಣಿ. ಸೊಂಟ ಬಗ್ಗದಿದ್ದರೆ ಬಾಲದ ಕಡೆ ಬಾಯಿ ಮುಟ್ಟುವುದಿಲ್ಲ. ಉಚ್ಚೆ ಕೂದಲಿಗೇ ಹತ್ತಿ, ಹಿಕ್ಕೆ ಅಂಟಿ ಗಂಟಾಗುತ್ತದೆ. ಕೆಳಗಿನ ಚರ್ಮ ಸುಟ್ಟಂತೆ ಕೆಂಪಾಗುತ್ತದೆ. ಕಾಲೆತ್ತಿ ಕಿವಿ ಕೆರೆದುಕೊಳ್ಳಲೂ ಆಗುವುದಿಲ್ಲ. ಅದಕ್ಕೇ ದಿನಾ ಅಂಗಡಿಗೆ ಹೋಗುವ ಮೊದಲು ತೊಡೆಯ ಮೇಲೆ ಟಾವೆಲ್ ಹಾಸಿ ಅದನ್ನು ಕೂಡಿಸಿಕೊಳ್ಳುತ್ತೇನೆ. ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಹಿಂಡಿ, ಹೊಲಸಾದ ಜಾಗವನ್ನಷ್ಟೇ ಒರೆಸಿ, ಪೂರ್ತಿ ಒಣಗಿಸುತ್ತೇನೆ. ಕಿವಿ ನೋಡುತ್ತೇನೆ. ಉಗುರು ಕತ್ತರಿಸುವ ದಿನ ಹೆಂಡತಿ ಮುಂದೆ ಕೂತು ಕೊತ್ತಂಬರಿ ತೋರಿಸುತ್ತಾಳೆ.

ಧಾರವಾಡದ ದನದ ಡಾಕ್ಟರು ಮೊದಲೇ ಹೇಳಿದ್ದರು: "ಇದಕ್ಕ ಜಳಕಾ ಮಾತ್ರ ಮಾಡಸಬ್ಯಾಡ್ರಿ, ಗಾಬರಿಗೇ ಸಾಯ್ತದ. ತಿನ್ನೂದು ಬಿಟ್ಟರ ಲಗೂ ಕರ್ಕೊಂಡ ಬರ್ರಿ." ಮನೆಗೆ ಬಂದವರಿಗೆಲ್ಲ ಇದನ್ನು ಹೇಳಿದ್ದೇನೆ. ಅಕ್ಕನಿಗೂ ಹೇಳಿದ್ದೆ.

ಅಕ್ಕನ ಮನೆ ಕೇಶ್ವಾಪುರದಲ್ಲಿ. ಹೋದ ಶ್ರಾವಣದಲ್ಲಿ ಒಂದು ಸೋಮವಾರ ನಮ್ಮ ಮಠದ ಅಯ್ಯನವರನ್ನು ಪಾದಪೂಜೆಗೆ, ಊಟಕ್ಕೆ ಕರೆದಿದ್ದೆವು. ಹೋಳಿಗೆಗೆ ಕೈ ಹಚ್ಚಲು ಅಕ್ಕ ಮುಂಜಾನೆಯೇ ಬಂದಳು. ಬಂದವಳೇ ಸೆರಗಿನಿಂದ ಮೂಗು ಮುಚ್ಚಿದಳು.

"ತಮ್ಮಾ, ಅಯ್ಯನಾರು ಮನ್ಯಾಗ ಕಾಲಿಡೂ ಹೊತ್ತಿಗೆ ಇದೇನು ವಾಸನಿ? ನಿನಗ ಮೂಗು ಐತೋ ಇಲ್ಲೋ?"

"ಪ್ಯಾಟಿಗೆ ಹೋಗಿ ಹೂವು, ಪತ್ರಿ ತಂದಮ್ಯಾಲ ಮೊಲಾ ಒರಸ್ತೇನಕ್ಕಾ. ನೀ ಅದನ್ನ ಮುಟ್ಟಬ್ಯಾಡ."

"ನಾ ಯಾಕ ಮುಟ್ಟಲಿ? ಹೋಗು, ಲಗೂ ಬಾ."

ಪೇಟೆಯಲ್ಲಿ ಗದ್ದಲ, ತಡವಾಯಿತು. ತಿರುಗಿ ಬಂದಾಗ ಬಚ್ಚಲ ಬಾಗಿಲಲ್ಲಿ ಎಣ್ಣೆಯ ಬಟ್ಟಲು ಕಂಡಿತು. ಹಿತ್ತಲಿಗೆ ಓಡಿದೆ. ಮೋಡದ ತಣ್ಣನೆ ಗಾಳಿಯಲ್ಲಿ, ಗೋಣಿಚೀಲದ ಮೇಲೆ ಮೊಲ ಬಿದ್ದಿತ್ತು. ತೊಯ್ದು ಅರ್ಧಕ್ಕರ್ಧ ಆಗಿತ್ತು. ನಡುಗುತ್ತಿತ್ತು. ಹಣೆಗೆ ವಿಭೂತಿ ಬೇರೆ.

"ನಾ ಒಲಿ ಮುಂದ ಇದ್ದೆ ರೀ," ಅಂದಳು ಹೆಂಡತಿ. "ನೀರಿನ ಸಪ್ಪಳ ಕೇಳಿ ಬರೂದ್ರಾಗ ಅಕ್ಕಾರು ಎರದು ಮುಗಿಸಿದ್ರು."

ಅಕ್ಕನಿಗೆ ಹೆಮ್ಮೆ. "ಬಾಣಂತಿಗೆ ಎರದಂಗ ಎರದೇನಿ ನೋಡು. ಬಿಸಿ ಎಣ್ಣಿ ಹಚ್ಚಿ ಕಾಲು ತಿಕ್ಕಿ, ಮ್ಯಾಲೆ ಬಿಸಿ ನೀರು ಹಾಕೇನಿ. ಕೀಲು ಸಡಲ ಆಗ್ತಾವ. ವಾಸನಿನೂ ಹೋತು."

"ಬಾಣಂತಿಗೆ ಎರದು ಗಾಳ್ಯಾಗ ಒಗೀತಿಯೇನು? ಕಂಬಳಿ ಹೊಚ್ಚಿ ಮಲಗಸ್ತಿ! ನಿನ್ನ ಮೊಣಕಾಲೂ ಹಿಡದಾವಲ್ಲ, ನಿನ್ನೂ ಹಿಂಗ ತೋಯ್ಸಿ ಹಿತ್ತಲದಾಗ ಕೂಡಸ್ಲೇನು?"

"ನಿನಗ ಎರದು ಎರದು ದೊಡ್ಡಾಂವ ಮಾಡಿದಾಕಿ ನಾ. ಒಂದು ಮೊಲದ ಸಲುವಾಗಿ ನನಗ ಹಿಂಗ ಅಂತಿಯಾ?"

ಟಾವೆಲ್ ಮೇಲೆ ಟಾವೆಲ್ ಬದಲಿಸುತ್ತ ನೆಲದ ಮೇಲೆ ಕೂತೆ. ಡಾಕ್ಟರಿಗೆ ಫೋನ್ ಹಚ್ಚಿದೆ. "ಮೊದಲ ಒಣಗಸ್ರಿ, ಎದಿಗೆ ಅವಚಿಕೊಂಡು ಬೆಚ್ಚಗ ಇಡ್ರಿ, ಆಮ್ಯಾಲ ಬರ್ರಿ," ಅಂದರು. ಅಷ್ಟರಲ್ಲಿ ಅಯ್ಯನವರು ಬಂದರು.

"ಏಳೋ, ಬಾಗಲದಾಗ ನಿಂತಾರ, ಕಾಲು ತೊಳಿಬೇಕು!"

"ನೀನ ತೊಳಿ ಹೋಗು. ತೊಳಿಯೂದು ನಿನಗ ಭಾಳ ಛಲೋ ಬರ್ತದ."

ಪಾದಪೂಜೆಯನ್ನು ಹೆಂಡತಿಯೇ ಮಾಡಿದಳು. ಅಯ್ಯನವರು ಒಳಗೆ ಹಣಿಕಿ ನೋಡಿ, "ಇವತ್ತು ಮೊದಲನೇ ಪೂಜಿ ಮೊಲಕ್ಕೇನಪಾ?" ಎಂದು ನಕ್ಕು ಹೋಳಿಗೆಗೆ ಕೂತರು. ನನಗೆ ನಗು ಬರಲಿಲ್ಲ. ಎದೆಗೆ ಹಿಡಿದ ಜೀವ ಹುಲ್ಲು ಮೂಸುತ್ತಿರಲಿಲ್ಲ, ಕೊತ್ತಂಬರಿ ಮೂಸುತ್ತಿರಲಿಲ್ಲ.

ಧಾರವಾಡಕ್ಕೆ ಹೋದೆ. ಸೂಜಿ ಹಾಕಿದರು. ಸೂಜಿಯಿಲ್ಲದ ಸಿರಿಂಜಿನಲ್ಲಿ ಹುಲ್ಲಿನ ಪುಡಿ ಕಲಸಿ ಬಾಯಿಗೆ ಹಾಕಲು ಹೇಳಿದರು. ಎಣ್ಣೆ ಕೂದಲ ಬುಡಕ್ಕೆ ಇಳಿದಿತ್ತು, ಮತ್ತೆ ನೀರು ಹಾಕುವಂತಿಲ್ಲ. ಎಣ್ಣೆ ಹೀರಿಕೊಳ್ಳಲಿ ಎಂದು ಗೋವಿನಜೋಳದ (ಮೆಕ್ಕೆಜೋಳದ) ಹಿಟ್ಟು ಉದುರಿಸುವುದು, ಬಾಚುವುದು, ಮತ್ತೆ ಉದುರಿಸುವುದು. ಮರುದಿನವೂ ಅದು ತಾನಾಗಿ ತಿನ್ನಲಿಲ್ಲ. ಅದರ ಮರುದಿನ ಮುಂಜಾನೆ ಹೆಂಡತಿಯ ಕೈಯಿಂದ ಕೊತ್ತಂಬರಿ ಎಳೆದುಕೊಂಡಿತು. ಅವಳು ಅತ್ತಳು. ನಾನು ಅಳಲಿಲ್ಲ, ಹಲ್ಲು ಕಚ್ಚಿಕೊಂಡೇ ಇದ್ದೆ.

ಮೊಲ ಉಳಿಯಿತು. ಆದರೆ ಎರೆಯುವಾಗ ಒದ್ದಾಡಿದ್ದಕ್ಕೋ, ತಿಕ್ಕಿದ್ದಕ್ಕೋ, ಬಲಗಾಲನ್ನು ಈಗ ಪೂರ್ತಿ ಎಳೆಯುತ್ತದೆ. ಮೊದಲು ಒಮ್ಮೆ ಒರೆಸಿದರೆ ಸಾಕಿತ್ತು, ಈಗ ಸಂಜೆಯೂ ಒರೆಸಬೇಕು. ಅಕ್ಕ ಮಾತ್ರ ಬಳಗದಲ್ಲೆಲ್ಲ, ಅಯ್ಯನವರಿಗೆ ಎದ್ದು ನಿಲ್ಲದವನು ಎಂದು ನನ್ನ ಬಗ್ಗೆ ಹೇಳಿಕೊಂಡು ಬಂದಿದ್ದಾಳೆ. ಪ್ರೀತಿಯಿಂದ ಮಾಡಿದಳಂತೆ. ಪ್ರೀತಿ ಇದ್ದವರು ಬ್ಯಾಡ ಅಂದದ್ದನ್ನು ಕೇಳಬಾರದೇ?

ಮೊನ್ನೆ ಫೋನಿನಲ್ಲಿ ಕೇಳಿದಳು: "ಇನ್ನೂ ಐತೇನು ನಿನ್ನ ಮೊಲ?"

"ಐತಿ. ನಿನ್ನ ಕೈಗೆ ಸಿಕ್ಕೂ ಐತಿ."

ಶ್ರಾವಣ ಮತ್ತೆ ಬರುತ್ತಿದೆ. ಅಕ್ಕನೂ ಬರುತ್ತಾಳೆ, ಬರಲಿ. ಬಚ್ಚಲದ ಬೀಗದ ಕೈ ನನ್ನ ಜೇಬಿನಲ್ಲಿರುತ್ತದೆ. ನಿಮ್ಮ ಮನೆಯ ಪ್ರಾಣಿಗೂ ಹಿರಿಯರು ಹೀಗೆ ಅಕ್ಕರೆಯಿಂದ ಕೇಡು ಮಾಡಿದ್ದಾರೆಯೇ? ಅವರನ್ನು ನೀವು ಹೇಗೆ ತಡೆದಿರಿ? ಬರೆಯಿರಿ. ಬೀಗಕ್ಕಿಂತ ಒಳ್ಳೆಯ ಉಪಾಯ ನನಗೆ ಹೊಳೆದಿಲ್ಲ.