ಏಳವ್ವ, ಏಳು

ಹೋದ ವಾರ ಬಂದಿದ್ದ ನನ್ನ ತಂಗಿ ಮಗಳು ನನ್ನ ಫೋನಿಗೆ ಪ್ರಾರ್ಥನೆಯ ಆ್ಯಪ್ ಒಂದನ್ನು ಹಾಕಿಕೊಟ್ಟು ಹೋದಳು. ಬೆಳಗ್ಗೆ ಐದೂವರೆಗೆ ಸಣ್ಣಗೆ ಗಂಟೆ ಹೊಡೆಯುತ್ತದೆ. ಆಮೇಲೆ ಹೆಂಗಸೊಬ್ಬಳು ಬೆಣ್ಣೆಯಂಥ ದನಿಯಲ್ಲಿ "ಪ್ರಿಯ ಸಹೋದರಿ, ಇದು ದೇವರೊಂದಿಗೆ ಮಾತನಾಡುವ ಸಮಯ" ಅನ್ನುತ್ತಾಳೆ. ನಾನು ಬೆರಳು ಚಾಚಿ ಅವಳ ಬಾಯಿ ಮುಚ್ಚುತ್ತೇನೆ. ಹತ್ತು ನಿಮಿಷ ಬಿಟ್ಟು ಮತ್ತೆ ಅನ್ನುತ್ತಾಳೆ, ಮತ್ತೆ ಮುಚ್ಚುತ್ತೇನೆ. ಪಾಪ, ಅವಳಿಗೆ ಸಿಟ್ಟೇ ಬರುವುದಿಲ್ಲ. ಇವತ್ತು ಬೆಳಗ್ಗೆ ಮಾತ್ರ ಪರದೆಯ ಮೇಲೆ "ನಿಮ್ಮ ಸತತ ಪ್ರಾರ್ಥನೆ: ಸೊನ್ನೆ ದಿನ" ಅಂತ ತೋರಿಸಿತು. ನೋಡಿ, ಈ ವಯಸ್ಸಿನಲ್ಲಿ ಮೊಬೈಲಿನಿಂದ ಸೊನ್ನೆ ಮಾರ್ಕ್ಸು! ಹಾಸಿಗೆಯಲ್ಲೇ ನಗು ಬಂತು. ಇವಳ ಜಾಗದಲ್ಲಿ ನಮ್ಮ ಮಾದೇವಕ್ಕ ಇದ್ದಿದ್ದರೆ ನನ್ನ ಬೆರಳು ಅಲ್ಲಿತನಕ ಹೋಗಲು ಬಿಡುತ್ತಿದ್ದಳೇ ಅನ್ನಿಸಿತು.

ಮಾದೇವಕ್ಕ ಯಾರು ಅಂತ ಹೇಳುವ ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ನಾವು ಮೂರು ತಲೆಮಾರಿನ ಕ್ರೈಸ್ತರು. ಹಾಗಂತ ಪ್ರಾರ್ಥನೆ ರಕ್ತದಲ್ಲಿ ಬರುತ್ತದೆ ಅಂದುಕೊಳ್ಳಬೇಡಿ. ಪ್ರತಿ ಜನವರಿ ಒಂದನೇ ತಾರೀಕು ನಾನೊಂದು ಹೊಸ ನೋಟ್ ಬುಕ್ ತರುತ್ತಿದ್ದೆ. ಮೊದಲ ಪುಟದಲ್ಲಿ ಪ್ರಾರ್ಥನೆಯ ವಿಷಯಗಳು, ಎರಡನೇ ಪುಟದಲ್ಲಿ ಒಂದು ವಾಕ್ಯ, ಮೂರನೇ ಪುಟದಿಂದ ಬ್ಲೌಸಿನ ಅಳತೆ. ಹನೂರಿನಲ್ಲಿ ಮನೆಯಲ್ಲೇ ಹೊಲಿಗೆ ಮಿಷನ್ ಹಾಕಿಕೊಂಡು ಹೊಲಿಯುವವಳು ನಾನು, ಅಳತೆಗೆ ಪುಸ್ತಕ ಬೇಕೇ ಬೇಕಲ್ಲ. ಇನ್ನು ಮೊಣಕಾಲೂರಿದರೆ ಐದೇ ನಿಮಿಷದಲ್ಲಿ ನಿದ್ದೆ. ನಮ್ಮ ಯಜಮಾನರು ನೋಡಿ, "ಎಷ್ಟು ಆಳವಾದ ಪ್ರಾರ್ಥನೆ, ಗೊರಕೆ ಬೇರೆ" ಅನ್ನುತ್ತಿದ್ದರು.

ಎಲ್ಲರ ಮುಂದೆ ಬಾಯಿಬಿಟ್ಟು ಪ್ರಾರ್ಥಿಸುವುದಂತೂ ಕೇಳಲೇಬೇಡಿ. ನಮ್ಮ ಸೀಮೆಯ ನಾಲಿಗೆಗೆ ಹ-ಕಾರ ಹತ್ತುವುದಿಲ್ಲ, ನಿಮಗೇ ಗೊತ್ತು. ಹೋಗು ಅನ್ನುವುದು ಓಗು, ಹಾಲು ಅನ್ನುವುದು ಆಲು. ಆದರೆ ದೇವರ ಮುಂದೆ ಹಾಗೆ ಮಾತಾಡಬಹುದೇ? ನಾನು ಪುಸ್ತಕದ ಕನ್ನಡ ಉಟ್ಟುಕೊಂಡು ನಿಲ್ಲುತ್ತಿದ್ದೆ. ಬಿಟ್ಟುಹೋದ ಹ-ಕಾರಗಳನ್ನೆಲ್ಲ ಒಂದೇ ಸಲಕ್ಕೆ ತೀರಿಸುವವಳ ಹಾಗೆ ಎಲ್ಲೆಲ್ಲೋ ಸೇರಿಸುತ್ತಿದ್ದೆ. ಒಂದು ಸಲ ಹೆಂಗಸರ ಕೂಟದಲ್ಲಿ, "ತಂದೆಯೇ, ನಿನ್ನ ಹಾಶೀರ್ವಾದವು ಹೆಲ್ಲರ ಮೇಲೆ ಬರಲಿ" ಅಂದೆ. ಹಿಂದಿನ ಸಾಲಿನಲ್ಲಿ ಯಾರೋ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಅಲ್ಲಿಂದ ಮುಂದೆ ಸಭೆಯಲ್ಲಿ ನಾನು ಆಡುತ್ತಿದ್ದ ಮಾತು ಆಮೆನ್ ಒಂದೇ. ಅದನ್ನೂ ಹಾಮೆನ್ ಅಂದುಬಿಟ್ಟೇನೋ ಅಂತ ಮೆಲ್ಲಗೆ.

ಈಗ ಮಾದೇವಕ್ಕ. ಪಕ್ಕದ ಮನೆಯವಳು, ನನಗಿಂತ ಹದಿನೈದು ವರ್ಷ ದೊಡ್ಡವಳು. ಹಣೆಯ ತುಂಬ ವಿಭೂತಿ, ಮಾತೆತ್ತಿದರೆ ಬೆಟ್ಟದ ಮಾದಪ್ಪ. ಇಬ್ಬರ ಹಿತ್ತಿಲಿನ ನಡುವೆ ಎದೆಮಟ್ಟದ ಗೋಡೆ, ಸೊಪ್ಪು ಸಾರು ಎಲ್ಲ ಅದರ ಮೇಲೇ ದಾಟುತ್ತಿದ್ದವು. ಅವಳ ಮಗಳು ಸವಿತಾಳನ್ನು ಯಳಂದೂರಿಗೆ ಕೊಟ್ಟಿದ್ದರು. ಎರಡು ಸಲ ಬಸುರಾಗಿ ಎರಡು ಸಲವೂ ಐದನೇ ತಿಂಗಳಲ್ಲಿ ಹೋಗಿತ್ತು. ಮೂರನೇ ಸಲ ನಿಂತಾಗ, ಮಂಚ ಬಿಟ್ಟು ಇಳಿಯಬಾರದು ಅಂತ ಡಾಕ್ಟರು ಹೇಳಿ, ತವರಿಗೆ ಕರೆತಂದಿದ್ದರು. ಗೋಡೆಗೆ ಒರಗಿ ಮಾದೇವಕ್ಕ ಇದನ್ನೆಲ್ಲ ಹೇಳಿ ಕಣ್ಣೊರೆಸಿಕೊಂಡಾಗ ನಾನು, "ಪ್ರಾರ್ಥನೆ ಮಾಡ್ತೀನಿ ಬುಡಕ್ಕ" ಅಂದೆ. ಉಂಡು ಕೈ ತೊಳೆಯುವಾಗ ಬಂದವರಿಗೆ "ಬನ್ನಿ ಊಟ ಮಾಡಿ" ಅನ್ನುತ್ತೇವಲ್ಲ, ಹಾಗೆ.

ಮಾರನೇ ಬೆಳಗ್ಗೆ ಇನ್ನೂ ಬೆಳಕು ಹರಿಯುವ ಮುಂಚೆ ಗೋಡೆಯಾಚೆಯಿಂದ ಕೂಗು. "ಏಳವ್ವ, ಏಳು!"

ಯಾರ ಮನೆಗೆ ಬೆಂಕಿ ಬಿತ್ತೋ ಅಂತ ಓಡಿ ಬಂದೆ. "ಎದ್ದಿವ್ನಿ ಕಣಕ್ಕ!"

"ಎದ್ದಿರದು ಕಾಣ್ತಾದ. ನಾ ಅಂದಿದ್ದು ನಿಮ್ ದೇವ್ರಿಗೆ ಏಳು ಅಂತ. ಸವಿತಂದು ಏಳ್ತೀನಿ ಅಂದಿದ್ಯಲ್ಲ, ಏಳ್ದ್ಯಾ?"

ಆಗ ಗೊತ್ತಾಯಿತು ನೋಡಿ, ಹ-ಕಾರ ಬಿಟ್ಟ ನಮ್ಮೂರ ಬಾಯಲ್ಲಿ ನಿದ್ದೆಯಿಂದ ಏಳುವುದೂ, ದೇವರಿಗೆ ಹೇಳುವುದೂ ಒಂದೇ ಪದ. ವರ್ಷಗಟ್ಟಲೆ ಪಾಸ್ಟರು ಬೋಧಿಸಿಯೂ ನನ್ನ ತಲೆಗೆ ಹೋಗದಿದ್ದದ್ದನ್ನು ಶಿವಭಕ್ತೆಯೊಬ್ಬಳು ಎರಡಕ್ಷರದಲ್ಲಿ ಮುಗಿಸಿಬಿಟ್ಟಳು.

"ಊಂ, ಏಳ್ದೆ" ಅಂದೆ. ಸುಳ್ಳು.

"ಎಂಗೆ ಏಳ್ದೆ? ಬರೀ ಸವಿತಾ ಅಂದ್ಯಾ? ಸವಿತಾ ಅನ್ನೋರು ಅನ್ನೆರಡು ಜನ ಅವ್ರೆ ಈ ಊರಲ್ಲೇ. ಯಳಂದೂರ್ಗೆ ಕೊಟ್ಟಿರೋ ಸವಿತಾ ಅಂತ ಬುಡ್ಸಿ ಏಳು. ನಾ ಮಾದಪ್ಪುನ್ಗೂ ಅಂಗೇ ಏಳಿರದು."

ಎರಡು ದಿನ ಸುಳ್ಳು ಹೇಳಿದೆ. ಮೂರನೇ ದಿನ ಆಗಲಿಲ್ಲ. ಅವಳ ಮುಖದಲ್ಲಿ ಅಷ್ಟು ನಂಬಿಕೆ. ದೇವರಿಗೆ ಮೋಸ ಮಾಡಿ ಮೂವತ್ತು ವರ್ಷ ಆರಾಮಾಗಿದ್ದ ನನಗೆ ಪಕ್ಕದ ಮನೆಯವಳಿಗೆ ಮೋಸ ಮಾಡಲು ಬರಲಿಲ್ಲ, ನೋಡಿ ಎಂಥ ಭಕ್ತೆ! ಅವಳು ಕೂಗುವ ಮೊದಲೇ ಎದ್ದು ಹಿತ್ತಿಲಿಗೆ ಬಂದೆ. ಒಗೆಯುವ ಕಲ್ಲಿನ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, ಪುಸ್ತಕದ ಕನ್ನಡದಲ್ಲಿ ಶುರುಮಾಡಿದೆ.

ಮುಗಿಸಿ ಕಣ್ಣು ಬಿಟ್ಟರೆ ಗೋಡೆಯ ಮೇಲೆ ಮಾದೇವಕ್ಕನ ತಲೆ.

"ಯಾರ್ ಬಂದಿದ್ರವ್ವ ಇಷ್ಟೊತ್ತಲ್ಲಿ? ತಾಸೀಲ್ದಾರ್ರಾ?"

"ಇಲ್ಲ ಕಣಕ್ಕ, ಪ್ರಾರ್ಥನೆ ಮಾಡ್ತಿದ್ದೆ."

"ಅಯ್ಯೋ ಮುಂಡೇದೇ! ಅರ್ಜಿ ಓದ್ದಂಗಿತ್ತಲ್ಲ. ಅಪ್ಪ ಅಂತೀಯ, ಅಪ್ಪುನ್ ತಾವ ಇಂಗಾ ಮಾತಾಡದು? ನೀನು ನಿಮ್ಮಪ್ಪುನ್ ಮನ್ಗೆ ಓಗಿ 'ಪೂಜ್ಯರೇ' ಅಂದ್ರೆ ಅವ್ರು ಎದುರ್ಕಂಡು ಬಾಗ್ಲಾಕತಾರೆ."

ನಕ್ಕೆ. ಆದರೂ ಆ ಕನ್ನಡ ಬಿಡಲು ಧೈರ್ಯ ಬರಲಿಲ್ಲ. ಅದು ನನ್ನ ಭಾನುವಾರದ ಸೀರೆ ಇದ್ದಹಾಗೆ, ಒಳಗೆ ಏನಿದ್ದರೂ ಮೇಲೆ ಮರ್ಯಾದೆ. ದಿನಾ ಎದ್ದೆ, ದಿನಾ ಹೇಳಿದೆ, ಅಷ್ಟಂತೂ ನಿಜ.

ಐದನೇ ತಿಂಗಳು ಹತ್ತಿರ ಬಂದ ಹಾಗೆ ನನಗೆ ಭಯ ಹಿಡಿಯಿತು. ಇಷ್ಟು ದಿನ ನನ್ನನ್ನು ನಂಬಿ ಕೂತಿದ್ದಾಳೆ, ಈ ಸಲವೂ ಹೋಗಿಬಿಟ್ಟರೆ? ಯಾವ ಮುಖ ಹೊತ್ತು ಈ ಗೋಡೆಯ ಹತ್ತಿರ ಬರುವುದು? ಅಣ್ಣನ ಮನೆಯಲ್ಲಿ ಕೆಲಸವಿದೆ ಅಂತ ನೆವ ಹೇಳಿ ಕೊಳ್ಳೇಗಾಲಕ್ಕೆ ಬಸ್ಸು ಹತ್ತಿದೆ. ಮಾರನೇ ಬೆಳಗ್ಗೆ ಫೋನು. "ಏಳವ್ವ, ಏಳು. ಯಾಕೆ, ಕೊಳ್ಳೇಗಾಲ್ದಲ್ಲಿ ಸಿಗಲ್ವಾ ನಿಮ್ ದೇವ್ರು?" ಎರಡನೇ ದಿನಕ್ಕೆ ವಾಪಸ್ ಬಂದು, ಗೋಡೆಗೆ ಕೈಯೂರಿ ಹೇಳಿಯೇಬಿಟ್ಟೆ.

"ಅಕ್ಕ, ಏನಾರ ಎಚ್ಚುಕಮ್ಮಿ ಆದ್ರೆ ನನ್ನ ಬೈಬ್ಯಾಡ."

ಅವಳು ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. "ನಿನ್ನ ಯಾಕವ್ವ ಬೈಲಿ? ನೀನೇನ್ ಕೊಡೋಳಾ? ಏಳೋಳು ತಾನೇ? ಏಳೋ ಕೆಲ್ಸ ನೀ ಮಾಡು. ಕೊಡೋ ಕೆಲ್ಸ ನಿನ್ ತಲೆ ಮ್ಯಾಲೆ ಯಾರು ಒರ್ಸವ್ರೆ?"

ಅವತ್ತು ಮೈಯೆಲ್ಲ ಹಗುರಾಯಿತು. ಮೂವತ್ತು ವರ್ಷ ನಾನು ಏನು ಹೊತ್ತುಕೊಂಡು ತಿರುಗುತ್ತಿದ್ದೆನೋ, ಅದು ನನ್ನದೇ ಅಲ್ಲವಂತೆ!

ಐದು ದಾಟಿತು, ಆರೂ ದಾಟಿತು. ಏಳು ತುಂಬಿ ಎಂಟಕ್ಕೆ ಬಿದ್ದ ವಾರ, ಒಂದು ಮಧ್ಯಾಹ್ನ ಸವಿತಾಳಿಗೆ ನೋವು ಬಂತು. ಬಾಡಿಗೆ ಕಾರು ಮಾಡಿಕೊಂಡು ಕೊಳ್ಳೇಗಾಲದ ಆಸ್ಪತ್ರೆಗೆ ಓಡಿದೆವು. ಅವಳನ್ನು ಒಳಗೆ ಕರೆದುಕೊಂಡರು. ಸಿಸ್ಟರ್ ಬಳೆ, ಕಾಲುಂಗುರ ಬಿಚ್ಚಿಸಿ ತಂದುಕೊಟ್ಟರು. ಮಾದೇವಕ್ಕ ಅವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬೆಂಚಿನ ಮೇಲೆ ಕೂತಳು.

"ನಂಗೆ ಮಾದಪ್ಪ ಅನ್ನಕ್ಕೂ ಬಾಯಿ ಬತ್ತಾಯಿಲ್ಲ ಕಣವ್ವ. ನೀ ಏಳು. ಜೋರಾಗಿ ಏಳು, ನನ್ ಕಿವಿಗೂ ಬೀಳ್ಬೇಕು."

ಸುತ್ತ ಮುತ್ತ ಜನ. ನಾನು ತಲೆಯ ಮೇಲೆ ಸೆರಗು ಹಾಕಿಕೊಂಡು "ಮಹಾಪರಿಶುದ್ಧನಾದ ತಂದೆಯೇ" ಅಂದೆ. ಮುಂದಕ್ಕೆ ಒಂದು ಪದವೂ ಇಲ್ಲ. ಎಲ್ಲ ಖಾಲಿ. ಮಾದೇವಕ್ಕ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಬಂದದ್ದನ್ನು ನಾನು ಯೋಚಿಸಿ ಹೇಳಿದ್ದಲ್ಲ.

"ಯಪ್ಪಾ, ಒಳಗವ್ಳಲ್ಲ, ಅವ್ಳು ನಮ್ ಸವಿತಾ ಕಣಪ್ಪ. ಯಳಂದೂರ್ಗೆ ಕೊಟ್ಟಿರೋ ಸವಿತಾ. ದಿನಾ ಏಳ್ತಿದ್ನಲ್ಲ, ಅವ್ಳೇ. ಎರಡು ಓಯ್ತು. ಇದ್ನ ನಮ್ ಕೈಗೆ ಕೊಡಪ್ಪ. ನಾ ಎದುರ್ಕಂಡಿವ್ನಿ, ಈ ಅಕ್ಕನೂ ಎದುರ್ಕಂಡವ್ಳೆ. ನಿನ್ ತಾವಲ್ದೆ ಇನ್ಯಾರ್ ತಾವ ಏಳಾನ?"

ಒಂದೂ ಹ-ಕಾರ ಇರಲಿಲ್ಲ. ಯಾರೂ ನಗಲಿಲ್ಲ. ಬೆಂಚಿನ ಆ ತುದಿಯಲ್ಲಿ ಕೂತಿದ್ದ ಗುರುತಿಲ್ಲದ ಮುದುಕಿ ಸರಿದು ಬಂದು, "ನಮ್ ಸೊಸೇದೂ ಒಂದ್ ಮಾತ ಸೇರ್ಸವ್ವ. ರಾಮಾಪುರದ ರಾಜಿ ಅಂತ" ಅಂದಳು. ಬಿಡಿಸಿ ಹೇಳಿದೆ.

ಹೆಣ್ಣುಮಗು. ಎರಡು ಅಂಗೈ ಸೇರಿಸಿದರೆ ತುಂಬುವಷ್ಟು. ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇಟ್ಟರು. ಅಷ್ಟೂ ದಿನ ನಾನು ಎದ್ದೆ, ಹೇಳಿದೆ. ಕೊನೆಗೊಂದು ಸಂಜೆ ಮಗು ಮನೆಗೆ ಬಂತು. ಮಾರನೇ ದಿನ ನಾನು ಹೊದ್ದು ಮಲಗಿದೆ. ಕೆಲಸ ಮುಗಿಯಿತಲ್ಲ!

"ಏಳವ್ವ, ಏಳು!"

"ಕೂಸು ಬಂತಲ್ಲಕ್ಕ, ಇನ್ನೇನ್ ಏಳದು?" ಹಾಸಿಗೆಯಿಂದಲೇ ಕೂಗಿದೆ.

"ಉಂಡ ಮನೇಲಿ ಓಯ್ತೀನಿ ಅಂತ ಒಂದ್ ಮಾತೂ ಏಳ್ದೆ ಎಲೆ ಬುಟ್ಟು ಎದ್ದೋಯ್ತೀಯಾ? ನಾಚ್ಕೆ ಆಗಲ್ವಾ?"

ಎದ್ದೆ. ಹೇಳಿದೆ.

ಆ ಕೂಸೀಗ ಒಂದನೇ ಕ್ಲಾಸು. ಮೊಮ್ಮಗಳನ್ನು ಬಿಟ್ಟಿರಲಾರದೆ ಮಾದೇವಕ್ಕ ಹೋದ ವರ್ಷ ಯಳಂದೂರಿಗೇ ಹೋದಳು. ಆ ಮನೆಗೆ ಬೇರೆಯವರು ಬಂದಿದ್ದಾರೆ, ಗೋಡೆಯನ್ನು ತಲೆಮಟ್ಟಕ್ಕೆ ಎತ್ತರಿಸಿಕೊಂಡಿದ್ದಾರೆ. ಆಮೇಲೆ ನಾನು ಏಳುವುದನ್ನೂ ಹೇಳುವುದನ್ನೂ ಬಿಟ್ಟದ್ದು ಕೂಗುವವರಿಲ್ಲ ಅಂತಲ್ಲ. ನಿಜ ಹೇಳಲೇ? ಮನೆಯಲ್ಲಿ ಎಲ್ಲ ಚೆನ್ನಾಗಿದೆ. ಯಾರಿಗೂ ಕಾಯಿಲೆಯಿಲ್ಲ, ಮಿಷನ್ನಿಗೆ ಬಿಡುವಿಲ್ಲ. ಕೇಳುವುದಕ್ಕೆ ಏನೂ ಇರಲಿಲ್ಲ. ಕೆಲಸವಿಲ್ಲದೆ ಹೋಗಿ ಅವನ ಮುಂದೆ ನಿಂತು ಏನನ್ನುವುದು ಅಂತ, ಸಂಕೋಚದಲ್ಲೇ ತಿಂಗಳುಗಳು ಕಳೆದವು.

ಇವತ್ತು ಇದನ್ನೆಲ್ಲ ನೆನೆಸಿಕೊಳ್ಳುತ್ತ ಎದ್ದು ಹಿತ್ತಿಲಿಗೆ ಬಂದೆ. ಆಗಲೇ ಬಿಸಿಲು ಬಿದ್ದಿತ್ತು. ಕಲ್ಲಿನ ಮೇಲೆ ಕೂತೆ. ಆಮೇಲೆ, ನಮ್ಮ ಕಡೆಯವರು ನೆಂಟರ ಮನೆಯ ಜಗಲಿ ಹತ್ತುತ್ತ ಅನ್ನುತ್ತಾರಲ್ಲ, ಹಾಗೇ ಅಂದೆ.

"ಏನಿಲ್ಲ ಕಣಪ್ಪ, ಸುಮ್ನೆ ಬಂದೆ."